ನನ್ನ ಮಗನ ಮನಸ್ಸನ್ನು ಬಲ್ಲ ಹಿರಿಯರಿಗೊಂದು ಬಹಿರಂಗ ಪತ್ರ

ಪರಮಪೂಜ್ಯ ಕಾಕಾ ಅವರ ಪಾದಾರವಿಂದಗಳಿಗೆ,

ಬೇಡಕಿಹಾಳದಿಂದ, ಆಟಿಸಂ ಇರುವ ಹುಡುಗನೊಬ್ಬನ ತಂದೆ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.  

ಮೊದಲು ಕೃತಜ್ಞತೆ. ಹಾದಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಮಗನನ್ನು ವಿಚಾರಿಸದೆ ತಾವು ಮುಂದೆ ಹೋದವರಲ್ಲ. ವಿಚಾರಿಸಿದ ಮೇಲೆ ಅವನ ಎದುರಿಗೇ “ಇದಕ್ಕ ಕರುಳು ಅನ್ನೂದ ಇಲ್ಲ ನೋಡಪಾ, ಮಾರಿ ಸೈತ ನೋಡೂದಿಲ್ಲ” ಎಂದು ತೀರ್ಪನ್ನೂ ಕೊಟ್ಟು ಹೋಗುತ್ತೀರಿ. ಅವನು ಆಡುವ ಮಾತು ಕಡಿಮೆ, ಕೇಳಿಸಿಕೊಳ್ಳುವುದು ಕಡಿಮೆಯಲ್ಲ. ತೀರ್ಪಿನ ದಿನ ಅವನು ಊಟ ಮುಟ್ಟುವುದಿಲ್ಲ.

ನನ್ನ ಅವ್ವನಿಗೆ ಜ್ವರ ಬಂದಾಗ ಹಣ್ಣು ಹಿಡಿದುಕೊಂಡು ಬಂದಿರಿ, ಆ ಉಪಕಾರ ಮರೆತಿಲ್ಲ. ತಾವು ಬರುವ ಮೊದಲು ಹುಡುಗ ಕೋಣೆಯ ಟ್ಯೂಬ್‌ಲೈಟ್ ಆರಿಸಿದ್ದ, ಕಿಟಕಿ ಮುಚ್ಚಿದ್ದ, ಗದ್ದಲವಾದಾಗ ತಾನು ಹಾಕಿಕೊಳ್ಳುವ ಕಿವಿಮುಚ್ಚುಗವನ್ನು ಅಜ್ಜಿಯ ತಲೆಗೆ ತೊಡಿಸಿ ಬಾಗಿಲ ಹೊರಗೆ ಕುಳಿತಿದ್ದ. ತಾವು ಬಂದವರೇ ಲೈಟ್ ಹಾಕಿ, ಕಿಟಕಿ ತೆರೆದು, ಗಟ್ಟಿಯಾಗಿ ಮಾತಾಡಿಸಿ, “ಅಜ್ಜಿ ಮಲಗ್ಯಾಳ, ಇವಗ ಖಬರ ಇಲ್ಲ” ಎಂದಿರಿ. ತನಗೆ ನೋವಾದಾಗ ಏನು ಬೇಕೋ ಅದನ್ನೇ ಅವನು ಅಜ್ಜಿಗೆ ಕೊಟ್ಟಿದ್ದ. ತಮಗೆ ಬೇಕಾದದ್ದನ್ನು ತಾವೂ ಕೊಟ್ಟಿರಿ. ಇಬ್ಬರದೂ ಅಂತಃಕರಣವೇ. ಆದರೆ ಲೆಕ್ಕಕ್ಕೆ ಬಂದದ್ದು ತಮ್ಮದೊಂದೇ.

ತಮ್ಮ ತೀರ್ಪಿನ ಬೆನ್ನಿಗೆ ದೊಡ್ಡ ವಿದ್ವಾಂಸರೂ ಇದ್ದರೆಂದು ಗೌರವದಿಂದ ಒಪ್ಪುತ್ತೇನೆ. 1985ರಲ್ಲಿ ಲಂಡನ್ನಿನ ಸಂಶೋಧಕರು ಸ್ಯಾಲಿ, ಆ್ಯನ್ ಎಂಬ ಎರಡು ಗೊಂಬೆಗಳ ಕತೆ ಹೇಳಿ ಮಕ್ಕಳನ್ನು ಪರೀಕ್ಷಿಸಿದರು. ತಾನು ಬುಟ್ಟಿಯಲ್ಲಿಟ್ಟ ಗೋಲಿಯನ್ನು ತನಗೆ ತಿಳಿಯದಂತೆ ಆ್ಯನ್ ಬೇರೆಡೆ ಇಟ್ಟರೆ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳ ಉತ್ತರ ತಪ್ಪಾಯಿತು. ಎದುರಿನವರಿಗೆ ಏನು ಗೊತ್ತಿದೆ ಎಂದು ಊಹಿಸುವುದು ಒಂದು, ಎದುರಿನವರು ನೊಂದಾಗ ತಾನೂ ನೋಯುವುದು ಇನ್ನೊಂದು. ಆ ಪರೀಕ್ಷೆ ಅಳೆದದ್ದು ಮೊದಲನೆಯದನ್ನು. ಜನ ಇಲ್ಲವೆಂದು ಸಾರಿದ್ದು ಎರಡನೆಯದನ್ನು. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ, ಸ್ವತಃ ಆಟಿಸಂ ಇರುವ ವಿದ್ವಾಂಸರು, ಅರ್ಥವಾಗದಿರುವುದು ಎರಡೂ ಕಡೆಯ ತೊಡಕು ಎಂದು ಬರೆದರು. ಮಗ ತಮ್ಮನ್ನು ಅರಿಯಲಿಲ್ಲವೆಂಬ ದೂರು ನಮ್ಮ ಮನೆಗೆ ಎಷ್ಟೋ ಸಲ ಬಂದಿದೆ. ತಾವು ಅವನನ್ನು ಅರಿಯಲಿಲ್ಲವೆಂಬ ದೂರನ್ನು ಇಂದು ಕೈಮುಗಿದು ಸಲ್ಲಿಸುತ್ತಿದ್ದೇನೆ.

ಅವನು ಅತ್ತಾಗ ಭುಜ ಹಿಡಿದು “ಯಾಕ ಅಳಾಕತ್ತಿ, ಹೇಳ” ಎಂದು ಕೇಳುವ ತಮ್ಮ ಕಾಳಜಿಗೂ ಋಣಿ. ಆದರೆ ಎದೆ ಬಡಿದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ, ಅದು ಸಿಟ್ಟೋ ಹೆದರಿಕೆಯೋ ಎಂಬುದೇ ಅವನಿಗೆ ತಿಳಿಯುವುದಿಲ್ಲ. ಇದಕ್ಕೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವರದಿಯ ಪ್ರಕಾರ ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಉಳಿದವರಲ್ಲಿ ಶೇ. 5ರಷ್ಟು ಜನರಿಗೆ ಇದು ಇದೆ. ಹೆಸರು ಹೇಳಲು ಬಾರದ ಮಾತ್ರಕ್ಕೆ ಸಂಕಟ ಇಲ್ಲವೆಂದಾಗದು. ದಯಮಾಡಿ ಭುಜ ಬಿಡಿ, ಉತ್ತರಕ್ಕೆ ಅವಸರ ಮಾಡಬೇಡಿ.

ಇನ್ನು ಗಣಪತಿ ಮೆರವಣಿಗೆ. “ಮಂದ್ಯಾಗ ಬಿಟ್ರ ರೂಢಿ ಆಕ್ಕೈತಿ” ಎಂದು ತಾವೇ ಪ್ರೀತಿಯಿಂದ ಕೈಹಿಡಿದು ಅವನನ್ನು ಡಿಜೆ ಗಾಡಿಯ ಮುಂದೆ ನಿಲ್ಲಿಸಿದಿರಿ. ಶಬ್ದ, ಬೆಳಕು, ವಾಸನೆ, ಸ್ಪರ್ಶ ಅತಿಯಾಗಿ ತಟ್ಟುವುದು, ಕೆಲವೊಮ್ಮೆ ತಟ್ಟದೇ ಇರುವುದು ಆಟಿಸಂನ ಲಕ್ಷಣವೆಂದು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಸೇರಿಸಿಕೊಂಡಿದೆ. ಒಣ ತಂಬಾಕಿನ ಘಾಟು, ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ನಮಗೆ ರೂಢಿಯಾಗಿವೆ. ಅವನಿಗೆ ಪ್ರತಿದಿನವೂ ಹೊಸದಾಗಿ ತಟ್ಟುತ್ತವೆ. ಅದರ ಮೇಲೆ ಡಿಜೆ. ಅವನು ನೆಲಕ್ಕೆ ಬಿದ್ದು ಕಿವಿ ಮುಚ್ಚಿಕೊಂಡು ಚೀರಿದ್ದನ್ನು ತಾವು ಹಟವೆಂದಿರಿ. ಹಟವಲ್ಲ ಕಾಕಾ, ಅದು ನೋವು.

ಇಷ್ಟು ಬರೆದದ್ದಕ್ಕೆ ಕ್ಷಮೆಯಿರಲಿ. ಕೊನೆಗೊಂದು ವಿನಂತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ವಾಸದ ಓಣಿಗಳಲ್ಲಿ ಶಬ್ದ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ನಿಯಮ ಹೇಳುತ್ತದೆ. ಕಾಯ್ದೆ ಹಿಡಿದು ನಾನೊಬ್ಬನೇ ನಿಂತರೆ ಹಬ್ಬಕ್ಕೆ ಅಡ್ಡ ಬಂದವನಾಗುತ್ತೇನೆ. ತಮ್ಮ ಮಾತನ್ನು ಊರು ಕೇಳುತ್ತದೆ. ಈ ಸಲ ಮೆರವಣಿಗೆಗೆ ಡಿಜೆ ಬೇಡ, ಹಲಗಿ ಸಾಕು, ನಮ್ಮ ಓಣಿ ದಾಟುವವರೆಗೆ ಅದನ್ನೂ ನಿಲ್ಲಿಸಿ ಎಂದು ತಾವೇ ಎದ್ದು ಹೇಳಬೇಕು. ಯಾಕೆಂದು ಕೇಳಿದವರಿಗೆ ನನ್ನ ಮಗನನ್ನೇ ಕಾರಣವಾಗಿ ಕೊಡಿ, ಅಭ್ಯಂತರವಿಲ್ಲ.

ಇಂತಿ ತಮ್ಮ ವಿಧೇಯ,
ಹುಡುಗನ ತಂದೆ