ಕೊಸರಿಲ್ಲದ ತಕ್ಕಡಿ

ಸ್ವಿಟ್ಜರ್ಲೆಂಡಿನ ದೊಡ್ಡ ತೊಂದರೆ ಅಲ್ಲಿಯ ಬೆಲೆಯಲ್ಲ, ಲೆಕ್ಕ ಸುಲಭವಾಗಿರುವುದು. ಒಂದು ಫ್ರಾಂಕ್ ಅಂದರೆ ನೂರು ರೂಪಾಯಿಗೂ ಮೇಲೆ. ಎರಡು ಸೊನ್ನೆ ಸೇರಿಸಿದರೆ ಸಾಕು, ಎದೆ ಧಸಕ್ ಎನ್ನುತ್ತದೆ. ಜಪಾನಿನ ಯೆನ್ ಆದರೆ ಗುಣಿಸಿ ಭಾಗಿಸಿ ಉತ್ತರ ಸಿಗುವಷ್ಟರಲ್ಲಿ ಉಂಡದ್ದು ಅರಗಿರುತ್ತದೆ. ಜ್ಯೂರಿಕ್‌ನ ಹೋಟೆಲಿನಲ್ಲಿ ಕಾಫಿಗೆ 5 ಫ್ರಾಂಕ್ ಎಂದು ಕಂಡೊಡನೆ ನನ್ನಾಕೆ, "ರೀ, ನನಗೆ ಹಸಿವೇ ಇಲ್ಲ" ಎಂದಳು. ಕಾಫಿಗೂ ಹಸಿವಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಅಂದಿನಿಂದ ನಮ್ಮ ಪ್ರೇಕ್ಷಣೀಯ ಸ್ಥಳಗಳು ಮಿಗ್ರೋಸ್ ಮತ್ತು ಕೋಪ್ ಎಂಬ ದಿನಸಿ ಅಂಗಡಿಗಳು. ಆಲ್ಪ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಅಂಗಡಿ ಮಾತ್ರ ಸಂಜೆಗೇ ಬಾಗಿಲು ಹಾಕುತ್ತದೆ, ಭಾನುವಾರವಂತೂ ರೈಲು ನಿಲ್ದಾಣದ ಅಂಗಡಿಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲಕ್ಕೂ ಬೀಗ. ಮಿಗ್ರೋಸ್ ಹುಟ್ಟಿದ್ದೇ ಅಗ್ಗದ ಹೆಸರಿನಲ್ಲಿ. 1925ರಲ್ಲಿ ಗಾಟ್ಲೀಬ್ ಡುಟ್‌ವೈಲರ್ ಎಂಬಾತ ಐದು ಫೋರ್ಡ್ ಲಾರಿಗಳಲ್ಲಿ ಕಾಫಿ, ಅಕ್ಕಿ, ಸಕ್ಕರೆ, ಪಾಸ್ತಾ, ಕೊಬ್ಬರಿ ಜಿಡ್ಡು, ಸಾಬೂನು ಹೇರಿಕೊಂಡು ಬೀದಿ ಬೀದಿ ಮಾರಿದ. ಈಗಲೂ ಅಲ್ಲಿ ಎಂ-ಬಜೆಟ್ ಎಂಬ ಹಸಿರು ಪೊಟ್ಟಣಗಳಿವೆ. ತುಪ್ಪವನ್ನು ಊರಿಂದ ಒಯ್ಯುವಂತಿಲ್ಲ, ನಮ್ಮ ಕಡೆಯ ಹಾಲಿನ ಪದಾರ್ಥಕ್ಕೆ ಅವರ ಗಡಿಯಲ್ಲಿ ನಿಷೇಧ. ನನ್ನಾಕೆ ಬಾಡಿಗೆ ಕೋಣೆಯ ಒಲೆಯ ಮೇಲೆ ಅವರದೇ ಬೆಣ್ಣೆ ಕಾಯಿಸಿ ತುಪ್ಪ ಮಾಡಿದಳು. ಅನ್ನ, ತುಪ್ಪ, ಊರಿನ ಚಟ್ನಿಪುಡಿ, ಕಿಟಕಿಯಾಚೆ ಹಿಮಶಿಖರ. ನೀರಿಗಂತೂ ಕಾಸಿಲ್ಲ. ಜ್ಯೂರಿಕ್ ಒಂದರಲ್ಲೇ ಕುಡಿಯುವ ನೀರಿನ ಕಾರಂಜಿಗಳು 1,200ಕ್ಕೂ ಹೆಚ್ಚು.

ತರಕಾರಿ, ಹಣ್ಣನ್ನು ನಾವೇ ತೂಗಬೇಕು. ಬಾಳೆಹಣ್ಣಿಟ್ಟು ಅದರ ನಂಬರು ಒತ್ತಿದರೆ ತಕ್ಕಡಿ ಚೀಟಿ ಉಗುಳುತ್ತದೆ, ಅಂಟಿಸಿಕೊಂಡರಾಯಿತು. ಗಾಂಧಿಬಜಾರಿನಲ್ಲಿ ಕೊತ್ತಂಬರಿ ಸೊಪ್ಪಿನ ಕೊಸರಿಲ್ಲದೆ ಕದಲದ ನನ್ನಾಕೆಗೆ ಇದು ಸರಿಬೀಳಲಿಲ್ಲ. ಯಂತ್ರದೊಡನೆ ಜಗಳವಾಡುವುದಾದರೂ ಹೇಗೆ?

ಆದರೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಇನ್ನೊಂದು ಲೋಕ. ಹುಡುಗನೊಬ್ಬ ಬಂದು ಅವತ್ತೇ ಖರ್ಚಾಗಬೇಕಾದ ಸಾಮಾನಿನ ಮೇಲೆ 25%, 50% ಎಂಬ ಚೀಟಿ ಟಪಟಪನೆ ಅಂಟಿಸುತ್ತಾನೆ. ಒಳ್ಳೆಯ ಉಣ್ಣೆ ಕೋಟು, ಮುತ್ತಿನ ಓಲೆ ತೊಟ್ಟ ಅಜ್ಜಿಯೊಬ್ಬರು ಮೊಸರಿನ ಡಬ್ಬಿಯ ಒಕ್ಕಣೆಯನ್ನು ಪುರಾಣದಂತೆ ಓದುತ್ತ ನಿಂತಿದ್ದರು. ಹುಡುಗ ಬಂದದ್ದೇ ತಡ, ಪಾರಾಯಣ ಮುಗಿಯಿತು. ಎರಡು ಸ್ಯಾಂಡ್‌ವಿಚ್, ಒಂದು ಸಲಾಡ್ ಬುಟ್ಟಿಗೆ. ನನ್ನಾಕೆಯೂ ಆಕೆಯೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಭಾಷೆ ಬೇಕಾಗಲಿಲ್ಲ.

ಅಲ್ಲಿಯವರೂ ಕಡಿಮೆಯವರಲ್ಲ. ಗಡಿ ದಾಟಿ ಜರ್ಮನಿಯ ಕಾನ್ಸ್‌ಟಾನ್ಸ್‌ಗೆ ಹೋಗಿ ವಾರದ ದಿನಸಿ ತುಂಬಿಕೊಂಡು ಬರುತ್ತಾರೆ. ಸುಂಕದ ಕಟ್ಟೆಯಲ್ಲಿ ತೆರಿಗೆ ವಾಪಸಿನ ಚೀಟಿಗೆ ಮೊಹರು ಹಾಕಿಸಲು ಸಾಲು ನಿಲ್ಲುತ್ತಾರೆ. ಇದನ್ನು ನೋಡಿ ನೋಡಿ ಸ್ವಿಸ್ ಸರ್ಕಾರ, ತೆರಿಗೆಯಿಲ್ಲದೆ ತರಬಹುದಾದ ಸಾಮಾನಿನ ಮಿತಿಯನ್ನು 2025ರಿಂದ ತಲೆಗೆ 300 ಫ್ರಾಂಕಿನಿಂದ 150ಕ್ಕೆ ಇಳಿಸಿತು. ನಾನು ಈ ವಿಷಯವನ್ನು ಕೇವಲ ಲೋಕಜ್ಞಾನವೆಂದು ಹೇಳಿದ್ದು. ನನ್ನಾಕೆ ಮಾತ್ರ ಮರುದಿನದ ಪರ್ವತವನ್ನು ರದ್ದುಮಾಡಿ, "ನೇರ ರೈಲೇ ಇದೆಯಂತಲ್ಲ, ದೊಡ್ಡ ಚೀಲ ತಗೊಳ್ಳಿ" ಎಂದಳು.