ತಾರಸಿಯ ಮೇಲೊಂದು ಆಟಮ್

ಬೆಂಗಳೂರಿನ ಮರಗಳಿಗೆ ಋತುಗಳ ಮೇಲೆ ಅಂಥ ಗೌರವವೇನಿಲ್ಲ. ಆಶ್ವಯುಜ ಬಂದರೂ ನಮ್ಮ ಬೀದಿಯ ಹೊಂಗೆ ಹಚ್ಚಹಸಿರಾಗಿ ನಿಂತಿರುತ್ತದೆ. ಎಲೆ ಉದುರಿಸುವ ಯೋಚನೆ ಅದಕ್ಕೆ ಬರುವುದು ಸಂಕ್ರಾಂತಿಯ ಎಳ್ಳು ಬೆಲ್ಲ ಖರ್ಚಾದ ಮೇಲೆ. ಹೀಗಿರುವಾಗ ದಸರಾ ರಜೆಗೆ ಬಂದ ನನ್ನ ಅಣ್ಣನ ಮಗಳು ನೇರ ತಾರಸಿ ಹತ್ತಿ, "ಚಿಕ್ಕಪ್ಪಾ, ಈ ಸಲ ನಿಮ್ಮ ಗಾರ್ಡನ್‌ಗೆ ಆಟಮ್ ಲುಕ್ ಕೊಡೋಣ. ಸ್ಟೈಲಾಗೂ ಇರ್ಬೇಕು, ಇಕೋ ಫ್ರೆಂಡ್ಲಿನೂ ಆಗಿರ್ಬೇಕು" ಎಂದು ಘೋಷಿಸಿಬಿಟ್ಟಳು. ಅವಳು ಒಳಾಂಗಣ ವಿನ್ಯಾಸ ಓದುತ್ತಿದ್ದಾಳೆ. ಹೊರಾಂಗಣ ಸಿಕ್ಕರೂ ಬಿಡುವವಳಲ್ಲ.

ಎರಡನೆಯದರ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಮನೆಗೆ ಬಂದ ಯಾವ ಡಬ್ಬವೂ ಜೀವಸಹಿತ ಹೊರಗೆ ಹೋಗಕೂಡದೆಂಬುದು ನನ್ನಾಕೆಯ ಸಿದ್ಧಾಂತ. ಪೇಂಟಿನ ಬಕೆಟ್ಟಿನಲ್ಲಿ ದೊಡ್ಡಪತ್ರೆ, ಒಡೆದ ಟಬ್ಬಿನಲ್ಲಿ ಕೆಸು, ಮಗನ ಹಳೆಯ ಹೆಲ್ಮೆಟ್ಟಿನಲ್ಲಿ ಒಂದೆಲಗ. ತಳ ಸೋರುವ ಪ್ರೆಶರ್ ಕುಕ್ಕರಿನಲ್ಲಿ ಕರಿಬೇವು ಬೆಳೆದು, ಗ್ಯಾರಂಟಿ ಮುಗಿದ ಮೇಲೂ ಆ ಕುಕ್ಕರು ಒಗ್ಗರಣೆಗೆ ಸೇವೆ ಸಲ್ಲಿಸುತ್ತಿದೆ. ಕೊರತೆಯಿದ್ದದ್ದು ಸ್ಟೈಲಿಗೆ ಮಾತ್ರ.

ಹುಡುಗಿ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದಳು. ಕೆಂಪು ಮೇಪಲ್ ಎಲೆಗಳ ರಾಶಿ, ಹುಲ್ಲಿನ ಪಿಂಡಿ, ಕಂದೀಲು, ಮನೆಯ ಮೆಟ್ಟಿಲ ಮೇಲೆ ಸಾಲಾಗಿ ಕುಂಬಳಕಾಯಿ. ಆ ಚಿತ್ರಗಳ ದೇಶಗಳಲ್ಲಿ ಹಗಲು ಗಿಡ್ಡವಾಗಿ ಚಳಿ ಶುರುವಾದರೆ ಮರಗಳು ಹಸಿರನ್ನು ಒಳಗೆಳೆದುಕೊಂಡು ಎಲೆ ಬಿಟ್ಟುಬಿಡುತ್ತವೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎಂದರೆ ವರ್ಷದಲ್ಲೇ ಜಾಸ್ತಿ ಮಳೆ ಸುರಿಯುವ ತಿಂಗಳುಗಳು. ಕಾಲಬುಡದಲ್ಲಿ ಅಷ್ಟು ನೀರಿರುವಾಗ ಯಾವ ಮರ ತಾನೇ ಎಲೆ ಉದುರಿಸೀತು? ಜರ್ಮನಿಯಿಂದ ಬಂದು ಲಾಲ್‌ಬಾಗನ್ನು ಬೆಳೆಸಿದ ಕ್ರುಂಬಿಗಲ್ ಸಾಹೇಬರಿಗೂ ಇದು ತಿಳಿದಿತ್ತು. ತಮ್ಮೂರಿನ ಉದುರುಗಾಲವನ್ನು ಇಲ್ಲಿಗೆ ತರಲು ಹೋಗದೆ, ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗೆ ಮರ ಆರಿಸುವ ಬುದ್ಧಿವಂತಿಕೆ ತೋರಿಸಿದರು. ಈ ಹೊತ್ತಿಗೆ ಆಕಾಶಮಲ್ಲಿಗೆ ಹೂ ಸುರಿಸುತ್ತಿರುತ್ತದೆ, ಪಾರಿಜಾತ ಬೆಳಗಾಗುವುದರೊಳಗೆ ಅಂಗಳ ತುಂಬಿರುತ್ತದೆ. ಉದುರಲೇಬೇಕೆಂದರೆ ನಮ್ಮಲ್ಲಿ ಹೂವು ಉದುರುತ್ತದೆ, ಎಲೆಯಲ್ಲ. ನಾನು ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹುಡುಗಿ ಮಾರ್ಕೆಟ್ಟಿಗೆ ಹೋಗಿಯಾಗಿತ್ತು.

ತಂದದ್ದು ದೊಡ್ಡದೊಂದು ಸಿಹಿಗುಂಬಳ. ಸಂಜೆ ಅದನ್ನು ಮುಂಬಾಗಿಲ ಮೆಟ್ಟಿಲ ಮೇಲಿಟ್ಟಳು. ಬಣ್ಣ ಹೊಂದಲೆಂದು ಪಕ್ಕಕ್ಕೆ ನಾಲ್ಕು ನಿಂಬೆಹಣ್ಣು. ಕೆಂಪು ಸಾಲದೆಂದು ಸುತ್ತ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ. ನಡುವೆ ಒಂದು ಮಣ್ಣಿನ ಹಣತೆ. ನೋಡಲು ಚೆನ್ನಾಗಿಯೇ ಇತ್ತು. ಅಂದು ಮಹಾಲಯ ಅಮಾವಾಸ್ಯೆಯೆಂಬುದೊಂದು ಅವಳ ಲೆಕ್ಕದಲ್ಲಿರಲಿಲ್ಲ.

ಬೆಳಗ್ಗೆ ಹಾಲಿನ ಪ್ಯಾಕೆಟ್ಟು ಗೇಟಿನಾಚೆ ರಸ್ತೆಯಂಚಿನಲ್ಲಿತ್ತು. ಪೇಪರು ದೂರದಿಂದಲೇ ಎಸೆದ ರಭಸಕ್ಕೆ ಪಕ್ಕದ ಮನೆಯ ಕಾಂಪೌಂಡಿಗೆ ಬಿದ್ದಿತ್ತು. ಕೆಲಸದಾಕೆ ಗೇಟಿನವರೆಗೂ ಬಂದು, ಎದೆಯ ಮೇಲೆ ಕೈಯಿಟ್ಟುಕೊಂಡು, ಬಂದ ದಾರಿಯಲ್ಲೇ ವಾಪಸ್ಸಾದಳು. ಎದುರುಮನೆ ರಾಯರು ಸುರಕ್ಷಿತ ದೂರದಲ್ಲಿ ನಿಂತು ನನ್ನನ್ನು ಕರೆದು, ದನಿ ತಗ್ಗಿಸಿ, "ಯಾರ ಮೇಲಾದ್ರೂ ಅನುಮಾನ ಇದೆಯಾ ಸ್ವಾಮಿ?" ಎಂದರು. ಇದು ವಿದೇಶೀ ಅಲಂಕಾರ ಎಂದೆ. "ಎಲ್ಲಾ ಕಡೆಯಿಂದ ಮಾಡಿಸ್ತಾರೆ ಸ್ವಾಮಿ ಈಗ" ಎಂದು ತಲೆಯಾಡಿಸಿದ ರಾಯರು, ತಮಗೆ ಗೊತ್ತಿರುವವರೊಬ್ಬರಿದ್ದಾರೆ, ಕಡಿಮೆ ಖರ್ಚಿನಲ್ಲಿ ತೆಗೆದುಕೊಡುತ್ತಾರೆ ಎಂದು ಭರವಸೆಯನ್ನೂ ಕೊಟ್ಟರು. ಅಷ್ಟರಲ್ಲಿ ನನ್ನಾಕೆ ಯಾವ ಖರ್ಚೂ ಇಲ್ಲದೆ ತೆಗೆದಾಗಿತ್ತು. ಮಧ್ಯಾಹ್ನ ಆಟಮ್ ಲುಕ್ ಹುಳಿಯಾಗಿ ತಟ್ಟೆಗೆ ಬಂತು. ನಿಂಬೆಹಣ್ಣು ಉಪ್ಪಿನಕಾಯಿಯ ಜಾಡಿ ಸೇರಿತು.

ಹುಡುಗಿ ಧೃತಿಗೆಡಲಿಲ್ಲ. ಆನ್‌ಲೈನಿನಲ್ಲಿ ತೆಂಗಿನನಾರಿನ ಕುಂಡಗಳನ್ನು ತರಿಸಿದಳು. ಪರಿಸರದ ಮೇಲಿನ ಪ್ರೀತಿಯಿಂದ ಒಂದೊಂದು ಕುಂಡವನ್ನೂ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ತುರುಕಿ ಕಳಿಸಿದ್ದರು. ಬಿಚ್ಚಿ ಗುಡ್ಡೆ ಹಾಕಿದಾಗ ಕುಂಡಗಳಿಗಿಂತ ಕಸವೇ ಎತ್ತರವಾಗಿತ್ತು. ನನ್ನಾಕೆ ಏನೂ ಅನ್ನದೆ ಥರ್ಮೋಕೋಲಿನ ಪೆಟ್ಟಿಗೆಗಳಿಗೆ ತೂತು ಕೊರೆದು ಮೆಂತ್ಯ ಬಿತ್ತಿದಳು.

ನನ್ನ ಪ್ರಕಾರ ಈ ಋತುವಿನ ನಿಜವಾದ ಗಾರ್ಡನ್ ಸೆಂಟರು ತೆರೆಯುವುದು ಆಯುಧಪೂಜೆಯ ಮಾರನೇ ಬೆಳಗ್ಗೆ, ಅದೂ ನಡುರಸ್ತೆಯಲ್ಲಿ. ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನ ತೋರಣ, ಲಾರಿಯಿಂದ ಆಟೋವರೆಗೆ ಎಲ್ಲದರ ಮೂತಿಯಿಂದ ಜಾರಿದ ಚೆಂಡುಹೂವಿನ ಹಾರ. ಉಳಿದವರು ಇದನ್ನು ಕಸ ಎನ್ನುತ್ತಾರೆ, ಬೈಕಿನವರು ಇನ್ನೂ ಕೆಟ್ಟದಾಗಿ ಬೈಯುತ್ತಾರೆ. ನಾನೂ ಹುಡುಗಿಯೂ ಗೋಣಿಚೀಲ ಹಿಡಿದು ಹೊರಟೆವು. ಗ್ಯಾರೇಜಿನವನು ಎರಡು ಬಾಳೆಕಂದನ್ನು ತಾನಾಗಿಯೇ ಹೊತ್ತು ತಂದುಕೊಟ್ಟ. ಯಾರೋ ಮಹಾನುಭಾವರು ಹೊತ್ತೊಯ್ಯುತ್ತಿದ್ದಾರಲ್ಲ ಎಂಬ ಸಂತೋಷ ಅವನ ಮುಖದಲ್ಲಿತ್ತು.

ಕಾಂಪೋಸ್ಟಿನಲ್ಲಿ ಒಂದು ತೊಡಕಿದೆ. ಹೂವು, ಸಿಪ್ಪೆಯಂಥ ಹಸಿ ಪದಾರ್ಥದಲ್ಲಿ ಸಾರಜನಕ ಜಾಸ್ತಿ, ಒಣಎಲೆಯಲ್ಲಿ ಇಂಗಾಲ ಜಾಸ್ತಿ. ಸಾರಜನಕ ಒಂದು ಪಾಲಿದ್ದರೆ ಇಂಗಾಲ ಸುಮಾರು 30 ಪಾಲಿರಬೇಕು. ಇಲ್ಲದಿದ್ದರೆ ಮಡಕೆಯಲ್ಲಿ ಗೊಬ್ಬರವಾಗುವುದಿಲ್ಲ, ಕೊಳೆತು ನಾರುತ್ತದೆ. ಹಸಿ ಸಿಗುವುದು ದಸರೆಗೆ, ಒಣಎಲೆ ಸಿಗುವುದು ಶಿವರಾತ್ರಿ ಆಸುಪಾಸಿಗೆ. ಇಬ್ಬರ ಜಾತಕವೂ ಕೂಡುವುದಿಲ್ಲ. ಆದರೆ ಮಾಘದಲ್ಲಿ ಬೀದಿಯವರು ಎಲೆಗೆ ಬೆಂಕಿ ಹಚ್ಚಲು ಹವಣಿಸುತ್ತಿದ್ದಾಗಲೇ ನನ್ನಾಕೆ ಜಗಳವಾಡಿ ಅದನ್ನು ಮೂಟೆ ಕಟ್ಟಿ ನೀರಿನ ಟ್ಯಾಂಕಿನ ಕೆಳಗೆ ತುರುಕಿಸಿದ್ದಳು. ಈಗ ಒಂದು ಪದರ ಚೆಂಡುಹೂವು, ಒಂದು ಪದರ ಹೊಂಗೆಯ ತರಗೆಲೆ, ಮೇಲೊಂದಿಷ್ಟು ಹುಳಿಮಜ್ಜಿಗೆ. ಮೂಟೆ ಬಿಚ್ಚಿದಾಗ ಹುಡುಗಿ ಕಿರುಚಿದಳು: "ಚಿಕ್ಕಮ್ಮಾ, ಆಟಮ್ ಲೀವ್ಸ್!" ಜಿರಲೆಗೆ ಹೆದರಿ ಅಲ್ಲವೆಂದು ತಿಳಿದು ನಾವು ಸಮಾಧಾನಪಟ್ಟೆವು.

ಹಾರದ ನೈಲಾನ್ ದಾರ ಬಿಡಿಸಿ, ಬಾಡಿದ ಹೂವನ್ನು ಹಿಸುಕಿದರೆ ಸೂಜಿಯಂಥ ಕರಿಬೀಜ ಉದುರುತ್ತದೆ. ಹೈಬ್ರಿಡ್ಡಿನಲ್ಲಿ ಬರೀ ಜೊಳ್ಳು ಇರುವುದೂ ಉಂಟು. ಮೊಳೆತದ್ದು ಎರಡು ತಿಂಗಳಿಗೆ ಹೂ ಬಿಡುತ್ತದೆ. ನಾವು ಇಷ್ಟು ಹಕ್ಕಿನಿಂದ ನಮ್ಮದೆನ್ನುವ ಈ ಚೆಂಡುಹೂವು ಮೂಲತಃ ಮೆಕ್ಸಿಕೋದ್ದು. ಅಲ್ಲೂ ನವೆಂಬರ್ ಆರಂಭದಲ್ಲಿ ಸತ್ತ ಹಿರಿಯರನ್ನು ಕರೆದು ಉಪಚರಿಸುವ ಹಬ್ಬಕ್ಕೆ ಇದೇ ಹೂವು ಬೇಕು. ಅದು ಅವರ ಪಿತೃಪಕ್ಷ.

ಜೀವಾಮೃತವೆಂಬ ದ್ರವಗೊಬ್ಬರದ ಪ್ರಯೋಗವೂ ಆಯಿತು. ನೈಸರ್ಗಿಕ ಕೃಷಿಯ ಪಾಳೇಕರ್ ಅವರ ಲೆಕ್ಕ ಎಕರೆಗೆ: 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳಧಾನ್ಯದ ಹಿಟ್ಟು, ಗೋಮೂತ್ರ, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ನಮ್ಮದು ಮೂವತ್ತು ನಲವತ್ತರ ಸೈಟು. ಹುಡುಗಿ ಲೆಕ್ಕ ಹಾಕಿ 55 ಗ್ರಾಂ ಬೆಲ್ಲ, 275 ಗ್ರಾಂ ಸಗಣಿ ಎಂದಳು. ತೂಗಲು ಅಡುಗೆಮನೆಯ ತಕ್ಕಡಿ ಬೇಕೆಂದದ್ದೇ ತಡ, ಯೋಜನೆಗೆ ತಡೆಯಾಜ್ಞೆ ಬಂತು.

ಇಷ್ಟರ ನಡುವೆ ನನ್ನಾಕೆಯ ಮನಸ್ಸಿದ್ದದ್ದು ಸೇವಂತಿಗೆಯ ಮೇಲೆ. ಟ್ಯಾಂಕಿನ ಹಿಂದಿನ ಕುಂಡಗಳಲ್ಲಿ ಮೊಗ್ಗು ಬಟಾಣಿಯಷ್ಟಾಗಿತ್ತು. ಪ್ಯಾರಪೆಟ್ಟಿನ ಪಕ್ಕದವು ಮಾತ್ರ ಎಲೆ ಬೆಳೆಸಿಕೊಂಡು ಸುಮ್ಮನಿದ್ದವು. ಒಂದೇ ಸಸಿ, ಒಂದೇ ಗೊಬ್ಬರ. ಕಾರಣ, ಹೊಸದಾಗಿ ಹಾಕಿದ ಎಲ್‌ಇಡಿ ಬೀದಿದೀಪ. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ಉದ್ದನೆಯ, ಎಡೆಬಿಡದ ಕತ್ತಲು ಬೇಕು. ಅದಕ್ಕೇ ಅದು ರಾತ್ರಿ ಉದ್ದವಾಗುವ ಕಾಲದಲ್ಲಿ ಹೂ ಬಿಡುವುದು. ಹೂವನ್ನು ತಡಮಾಡಬೇಕೆನಿಸಿದರೆ ಪಾಲಿಹೌಸಿನ ಬೆಳೆಗಾರರು ರಾತ್ರಿ ದೀಪ ಹಾಕುತ್ತಾರೆ, ಬೇಗ ಬೇಕೆಂದರೆ ಕಪ್ಪುಬಟ್ಟೆ ಮುಚ್ಚುತ್ತಾರೆ. ಕ್ರಿಸ್‌ಮಸ್ಸಿಗೆ ಕೆಂಪಾಗುವ ಪಾಯಿನ್‌ಸೆಟಿಯಾದ ಜಾಯಮಾನವೂ ಇದೇ. ನಮ್ಮ ಬೀದಿಯಲ್ಲಿ ಮಾತ್ರ ಗಿಡಗಳಿಗೆ ರಾತ್ರಿಪಾಳಿ.

ನನ್ನಾಕೆ ಮನೆಯಲ್ಲಿದ್ದ ಕಪ್ಪು ಕೊಡೆಗಳನ್ನೆಲ್ಲ ಹೊರತೆಗೆದಳು. ಸಂಜೆ ಆರಕ್ಕೆ ಕುಂಡಗಳ ಮೇಲೆ ಕೊಡೆ ಬಿಚ್ಚಿ, ಸುತ್ತ ಹಳೆ ಚಾದರ ಇಳಿಬಿಟ್ಟು, ಬೆಳಗ್ಗೆ ಆರಕ್ಕೆ ತೆಗೆಯುವುದು. ಸಾಲಾಗಿ ಕೂತ ಕರಿ ಕೊಡೆಗಳನ್ನು ನೋಡಿ ಹುಡುಗಿ ಮಾತು ನಿಲ್ಲಿಸಿದಳು. ಆಮೇಲೆ ಮೊಣಕಾಲೂರಿ ಫೋಟೋ ತೆಗೆದಳು. ಅದು ಅವಳ ಕಾಲೇಜಿನ ಪ್ರಾಜೆಕ್ಟಿನಲ್ಲಿ 'ಇನ್‌ಸ್ಟಲೇಷನ್' ಎಂಬ ತಲೆಬರಹದಡಿ ಸೇರಿತು.

ಚಿತ್ತಾ ಮಳೆಗೆ ಎಲ್ಲಿ ಸುರಿಯಬೇಕೆಂಬ ವಿವೇಚನೆಯಿಲ್ಲ. ಅದನ್ನು ಕುರುಡು ಚಿತ್ತಾ ಅನ್ನುವುದು ಸುಮ್ಮನೆಯಲ್ಲ. ಒಂದು ಸಂಜೆ ಗುಡುಗು ಮಿಂಚಿನೊಡನೆ ನಮ್ಮ ಬಡಾವಣೆಯನ್ನೇ ಆರಿಸಿಕೊಂಡು ಹೊಯ್ಯಿತು. ಕೊಡೆಗಳೆಲ್ಲ ಗಿಡದ ಮೇಲಿದ್ದುದರಿಂದ ನಾನು ಬಸ್‌ಸ್ಟಾಪಿನಿಂದ ತೊಪ್ಪೆಯಾಗಿ ಬಂದೆ. ಆ ಸಿಡಿಲಿಗೆ ಬೀದಿದೀಪ ಹೋಯಿತು, ಮತ್ತೆ ಹೊತ್ತಲಿಲ್ಲ. ರಾಯರು ದೂರಿನ ಅರ್ಜಿ ಬರೆದು, ಬೀದಿಯವರೆಲ್ಲರ ಸಹಿ ಹಾಕಿಸಿಕೊಂಡು, ಟಾರ್ಚು ಹಿಡಿದು ನಮ್ಮ ಗೇಟಿಗೆ ಬಂದರು. ಪೆನ್ನು ಹುಡುಕುತ್ತಿದ್ದ ನನ್ನನ್ನು ಪಕ್ಕಕ್ಕೆ ಸರಿಸಿ ನನ್ನಾಕೆ ಹೇಳಿದಳು:

"ಏನವಸರ ರಾಯರೇ? ಮೊಗ್ಗು ಕಟ್ಟಲಿ, ಹಾಕ್ತೀವಿ."

ಇವರಿಗೆ ಮಾಡಿಸಿದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ ಎಂಬ ಮುಖ ಮಾಡಿಕೊಂಡು ರಾಯರು ರಸ್ತೆ ದಾಟಿದರು.