ರೋಡ್ ಹೇಳುವ ಕಾಕಾ

‘ರೋಡ್’ ಎಂಬ ಇಂಗ್ಲಿಷ್ ಪದಕ್ಕೆ ರಸ್ತೆ ಎಂಬ ಅರ್ಥವನ್ನು ಯಾವ ನಿಘಂಟಾದರೂ ಕೊಡುತ್ತದೆ. ಉಳಿದ ಅರ್ಥಗಳಿಗೆ ವಿಜಯಪುರ ಜಿಲ್ಲೆಯ ಚಹಾದಂಗಡಿಯ ಬಾಕಿನ ಮೇಲೆ ಕೂತ ಕಾಕಾನನ್ನೇ ಹಿಡಿಯಬೇಕು. ಬಿಳಿ ಟೊಪಗಿ, ಹೆಗಲ ಮೇಲೆ ಟಾವೆಲ್, ಅಂಗೈಯಲ್ಲಿ ತಿಕ್ಕುತ್ತಿರುವ ತಂಬಾಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಇಳಿದರೂ ಒಬ್ಬ ಸಿಗುತ್ತಾನೆ. ಕೇಳಿದರೆ ದಾರಿ ಹೇಳುತ್ತಾನೆ, ಕೇಳದಿದ್ದರೆ ಇನ್ನೂ ವಿಸ್ತಾರವಾಗಿ ಹೇಳುತ್ತಾನೆ.

ಮೊದಲನೆಯದು ರೈಲ್ವೆಯವರ ಅರ್ಥ. 1880ರ ದಶಕದಲ್ಲಿ ಹಾಕಿದ ಗದಗ–ಹೊಟಗಿ ಮಾರ್ಗದಲ್ಲಿ ಈಗ ‘ಇಂಡಿ ರೋಡ್’ ಇದೆ, ‘ಬಸವನ ಬಾಗೇವಾಡಿ ರೋಡ್’ ಕೂಡ ಇದೆ. ನಿಲ್ದಾಣದ ಹೆಸರಿನ ಬಾಲದಲ್ಲಿ ರೋಡ್ ಬಂತೆಂದರೆ ಊರು ಅಲ್ಲಿಲ್ಲ, ಊರಿನ ಕಡೆ ಹೋಗುವ ದಾರಿಯಷ್ಟೇ ಇದೆ ಎಂದರ್ಥ. ಇಷ್ಟು ಪ್ರಾಮಾಣಿಕವಾದ ಬೋರ್ಡು ಸರಕಾರದಲ್ಲಿ ಅಪರೂಪ. ಚೀಲ ಹಿಡಿದು ಇಳಿದ ಪರಊರಿನವನು ಊರೆಲ್ಲಿ ಎಂದು ಕಣ್ಣಾಡಿಸಿದರೆ ಕಾಕಾ ಕೂತಲ್ಲಿಂದಲೇ, “ಇಲ್ಲೇ ಅದರಿ, ಟಂಟಂ ಹತ್ರಿ” ಎನ್ನುತ್ತಾನೆ. ಟಂಟಂ ಹತ್ತಬೇಕಾದ ದೂರವೂ ಕಾಕಾನಿಗೆ ‘ಇಲ್ಲೇ’.

ಎರಡನೆಯ ಅರ್ಥ ದಿಕ್ಕು. ವಿಜಯಪುರದ ಸಿಂದಗಿ ರೋಡ್ ಸಿಂದಗಿಯಲ್ಲಿಲ್ಲ. ಸಿಂದಗಿ ಮುಟ್ಟಿದ ಮೇಲೆ ಅದೇ ಡಾಂಬರು ವಿಜಯಪುರ ರೋಡ್. ಹೆದ್ದಾರಿಯವರು ಇದನ್ನು 50 ಎಂಬ ಒಂದೇ ನಂಬರಿನಲ್ಲಿ ಮುಗಿಸಿದ್ದಾರೆ, ಆದರೆ ನಂಬರು ಕೇಳಿ ಯಾರೂ ಊರು ಮುಟ್ಟಿಲ್ಲ. ನಡುವೆ ಹೆಸರು ಎಲ್ಲಿ ಬದಲಾಗುತ್ತದೆ ಎಂದು ಕಾಲೇಜು ಹುಡುಗ ಕೇಳಿದರೆ ಉತ್ತರ ತಯಾರಿದೆ: “ನೀ ಯಾ ಕಡಿ ಮಾರಿ ಮಾಡಿ ನಿಂತಿ ಅನ್ನೂದರ ಮ್ಯಾಲ ಅದ ತಮ್ಮಾ.”

‘ಬೈ ರೋಡ್’ ಎಂದರೆ ರೈಲು ಬಿಟ್ಟು ಬಸ್ಸಿನಲ್ಲೋ ಕಾರಿನಲ್ಲೋ ಹೋಗುವುದು. ನಡುವೆ ‘ದ’ ಸೇರಿಸಿದರೆ ರಸ್ತೆಯ ಪಕ್ಕ ಎಂದಾಗುತ್ತದೆ. ಮುದ್ದೇಬಿಹಾಳಕ್ಕೆ ಹಾಗೆ ಹೊರಟವನು ಬೇಲಿಯಲ್ಲಿ ಉಳಿಯುತ್ತಾನೆ. ಕಾಕಾ ‘ದ’ ಹಚ್ಚುವುದಿಲ್ಲ. ರೈಲೇ ಇಲ್ಲದ ಮುದ್ದೇಬಿಹಾಳ, ಸಿಂದಗಿಗೂ “ಬೈ ರೋಡ ಹೋಗ್ರಿ” ಎಂದು ಸಲಹೆ ಮಾತ್ರ ಕೊಡುತ್ತಾನೆ.

ಕೊನೆಯದು ದಿವಾಳಿಯ ಅರ್ಥ. ಲಿಂಬಿ ರೇಟು ಬಿದ್ದ ವರ್ಷ ಇಂಡಿಯ ತೋಟದವರು “ರೋಡಿಗೆ ಬಂದ್ವಿ” ಎನ್ನುತ್ತಾರೆ. ಇಂಗ್ಲಿಷರು ಇಲ್ಲಿ ರೋಡ್ ಬಿಟ್ಟು ‘ಸ್ಟ್ರೀಟ್’ ಹಿಡಿಯುತ್ತಾರೆ: ಊರಿಂದೂರಿಗೆ ಹೋಗುವುದು ರೋಡ್, ಎರಡೂ ಕಡೆ ಮನೆಗಳಿರುವುದು ಸ್ಟ್ರೀಟ್. ಕಾಕಾ ಇದನ್ನು ಒಪ್ಪಿಲ್ಲ. ಎರಡೂ ಕಡೆ ಮನೆಗಳಿದ್ದರೆ ಅದು ಓಣಿ, ಓಣಿಗೆ ಬಂದವನು ಮನೆ ಮುಟ್ಟಿದಂತೆಯೇ, ಅವನದೇನು ದಿವಾಳಿ ಎಂಬುದು ಆತನ ತಕರಾರು.